ಕರೆವ್ವನ ಗುಡ್ಡದ ಎಡದಾರಿ

ಮೊನ್ನೆ ವಿದ್ಯಾನಗರದಲ್ಲಿ ಹೊಸದಾಗಿ ತೆರೆದ ಚಹಾದಂಗಡಿಯೊಂದಕ್ಕೆ ಹೋಗಿದ್ದೆ. ಒಲೆಯ ಮುಂದೆ ನಿಂತಿದ್ದ ಹೆಣ್ಣುಮಗಳು ಉದ್ದನೆಯ ಹುಲ್ಲಿನೆಸಳೊಂದನ್ನು ಗಂಟು ಹಾಕಿ ಕುದಿಯುವ ಪಾತ್ರೆಗೆ ಬಿಟ್ಟಳು. "ಇದೇನವಾ?" ಎಂದೆ. "ನಿಂಬಿಹುಲ್ಲರಿ ಅಂಕಲ್, ಆರೋಗ್ಯಕ್ಕ ಛಲೋ" ಎಂದಳು. ಕಪ್ಪು ಮೂಗಿನ ಹತ್ತಿರ ಬಂದದ್ದೇ ತಡ, ನನ್ನ ಅಂಗಾಲು ನೋಯತೊಡಗಿತು. ಸುಳ್ಳಲ್ಲ. ಈ ಹುಲ್ಲನ್ನು ಜನ ಚಹಾಕ್ಕೆ ಹಾಕುತ್ತಾರೆ ಎಂದು ಗೊತ್ತಾಗುವ ಎಷ್ಟೋ ವರ್ಷ ಮೊದಲು ನಾನು ಅದನ್ನು ಕಾಲಲ್ಲಿ ತುಳಿದೇ ಬಲ್ಲೆ. ಮಳೆ ನಿಂತು ಒಂದೆರಡು ತಿಂಗಳಾದ ಮೇಲೆ ಕಲಘಟಗಿ ಕಡೆಯ ಗುಡ್ಡಗಳ ಬೋರಿನಲ್ಲಿ, ಇಳಿಜಾರಿನಲ್ಲಿ, ಅದು ಸೊಂಟದ ಮಟ ಬೆಳೆದು ಒಣಗುತ್ತಾ ನಿಂತಿರುತ್ತದೆ. ಮುಂದಿದ್ದವರು ತುಳಿದಾಗ ಹಿಂದಿದ್ದವರಿಗೆ ವಾಸನೆ ಬರುತ್ತದೆ. ನಮ್ಮ ಮುಂದೆ ಯಾವಾಗಲೂ ಚನ್ನಬಸಪ್ಪ ಕಾಕಾ ಇರುತ್ತಿದ್ದರು.

ಚಹಾ ಅರ್ಧ ಕುಡಿದು ಇಟ್ಟು ಎದ್ದು ಬಂದೆ.

ಧಾರವಾಡದಲ್ಲಿ ಕಾಲೇಜು ಕಲಿಯುವಾಗ ಕೆಲಗೇರಿ ರಸ್ತೆಯ ಒಂದು ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಆ ಮನೆಯ ಯಜಮಾನರು ಅವರು. ನನಗೇನೂ ಸಂಬಂಧಿಕರಲ್ಲ. ಆದರೆ ಕೀಲಿ ಕೊಟ್ಟ ದಿನವೇ, "ಕಾಕಾ ಅನ್ನು ಈರಣ್ಣಾ, ಸಾಹೇಬ ಅನಬ್ಯಾಡ. ಸಾಹೇಬ ಅಂದ್ರ ನನ್ನ ಕಾಲು ತಾವ ಹೊಲ ಅಳ್ಯಾಕ ಸುರು ಮಾಡತಾವು" ಎಂದಿದ್ದರು. ಮೋಜಣಿ ಖಾತೆಯಲ್ಲಿದ್ದವರು. ಮೂವತ್ತು ವರ್ಷ ಹೊಲಗಳ, ಗುಡ್ಡಗಳ ಗಡಿ ಅಳೆದು ಬಾಂದಕಲ್ಲು ನೆಡಿಸುತ್ತ ತಿರುಗಿದ್ದರು. ನಿವೃತ್ತಿಯಾದ ಮೇಲೂ ಅವರ ಕಾಲಿಗೆ ಮನೆಯಲ್ಲಿರುವುದು ಒಗ್ಗಲಿಲ್ಲ. ಪ್ರತಿ ತಿಂಗಳ ಎರಡನೇ ರವಿವಾರ ಒಂದು ಗುಡ್ಡ ಎಂದು ಗೊತ್ತು ಮಾಡಿಕೊಂಡರು. ನನಗೆ ಹುಬ್ಬಳ್ಳಿಯ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆ ತೊಳೆದು ಎತ್ತಿಡುವ ನೌಕರಿ ಸಿಕ್ಕು ವಿದ್ಯಾನಗರಕ್ಕೆ ಬಂದಮೇಲೂ ಆ ರವಿವಾರ ನಾನು ಬೆಳಗಿನ ಮೊದಲ ಬಸ್ಸಿಗೆ ಧಾರವಾಡದಲ್ಲಿರುತ್ತಿದ್ದೆ.

ಗುಂಪಿನಲ್ಲಿ ನಾಲ್ಕೇ ಮಂದಿ. ಕಾಕಾ, ನಾನು, ಹುಬ್ಬಳ್ಳಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ರುದ್ರಗೌಡರು, ಮತ್ತು ಧಾರವಾಡದ ಸಾಲೆಯಲ್ಲಿ ಕಲಿಸುತ್ತಿದ್ದ ಸುಮಿತ್ರಾ ಅಕ್ಕೋರು. ಗೌಡರು ಹೊಟ್ಟೆ ಇಳಿಸಲು ಬರುತ್ತಿದ್ದರು. ಅದು ಇಳಿದದ್ದನ್ನು ಯಾರೂ ನೋಡಲಿಲ್ಲ. ಅಕ್ಕೋರು ಯಾಕೆ ಬರುತ್ತೇನೆಂದು ಎಂದೂ ಹೇಳಲಿಲ್ಲ, ಒಂದು ರವಿವಾರವನ್ನೂ ತಪ್ಪಿಸಲಿಲ್ಲ.

ಊರಿನ ಮಂದಿ ರವಿವಾರ ಹತ್ತುವ ಗುಡ್ಡಗಳಿಗೆ ಕಾಕಾ ಕಾಲಿಡುತ್ತಿರಲಿಲ್ಲ. "ಗಿರಮಿಟ್ ಮಾರೂ ಗಾಡಿ ಎಲ್ಲೀತನಕಾ ಏರತೈತಿ, ಅಲ್ಲೀತನಕಾ ಅದು ಊರು. ಗುಡ್ಡ ಅದರ ಮ್ಯಾಲ ಸುರು ಆಗತೈತಿ" ಎನ್ನುತ್ತಿದ್ದರು. ಗೌಡರು, "ಹಂಗಾರ ನನಗ ಊರ ಛಲೋರಿ ಕಾಕಾ" ಎಂದು ಪ್ರತಿ ಸಲ ಅನ್ನುವರು. ಪ್ರತಿ ಸಲ ಕಾಕಾ ನಗುವರು.

ನಮ್ಮ ನಡಿಗೆಗೆ ಒಂದೇ ಕಟ್ಟಳೆ. ಮುಂದೆ ನಡೆಯುವವರನ್ನು ಮಾತಾಡಿಸಬಾರದು, ದಾರಿ ಕೇಳಬಾರದು. ಇದು ಕಾಕಾನ ಹಟವಲ್ಲ, ಮೋಜಣಿಯವರ ಪದ್ಧತಿ. ಮುಂದಿನವರು ಹೆಜ್ಜೆ ಎಣಿಸುತ್ತಿರುತ್ತಾರೆ. ಬಾಯಿ ತೆರೆದರೆ ಲೆಕ್ಕ ತಪ್ಪುತ್ತದೆ. ಕಾಕಾನ ಎಡಗಿಸೆಯಲ್ಲಿ ಹುಣಸೆ ಬೀಜಗಳಿರುತ್ತಿದ್ದವು. ನೂರು ಹೆಜ್ಜೆಗೆ ಒಂದು ಬೀಜ ಬಲಗಿಸೆಗೆ ಹೋಗಬೇಕು. ಬೀಜಗಳೆಲ್ಲ ಬಲಕ್ಕೆ ಬಂದಾಗ ನಿಂತು, ಎಲ್ಲಿದ್ದೇವೆ ಎಂದು ಹೇಳುವರು. ಆಗ ಮಾತ್ರ ನಮಗೆ ಮಾತಾಡಲು ಪರವಾನಗಿ. ಗುಡ್ಡದ ಗಡಿಯಲ್ಲಿ ಹಳೆಯ ಬಾಂದಕಲ್ಲು ಸಿಕ್ಕರೆ ಕೂತು, ಹೆಬ್ಬೆರಳಿನಿಂದ ಪಾಚಿ ಕೆರೆದು, ಗುರುತು ಓದಿ, ಒಂದು ಎಲೆ ಇಟ್ಟು ಏಳುವರು. ಎಲೆ ಯಾಕೆ ಎಂದು ಕೇಳಿದ್ದೆ. "ನಾ ನೆಡಿಸಿದ ಕಲ್ಲು. ನೆಡಿಸಿದ ಮ್ಯಾಲ ಮಾತಾಡಸಬೇಕಲ್ಲಾ" ಎಂದಿದ್ದರು.

ತೊಂಬತ್ತೆಂಟರ ದಸರೆಯಿಂದ ಮುಂದಿನ ಸಂಕ್ರಾಂತಿಯವರೆಗಿನ ಆ ಮಾಗಿಯ ಬಗ್ಗೆಯೇ ನಾನು ಹೇಳಹೊರಟಿರುವುದು.

ಮಹಾನವಮಿಯ ಮರುದಿನ ಬನ್ನಿ ಕೊಡಲು ಹೋಗಿದ್ದೆ. ಕಾಕಾ ನನ್ನ ಕೈಯಲ್ಲಿ ಬನ್ನಿಯೆಲೆ ಇಟ್ಟು, "ಬಂಗಾರದಂಗ ಇರೂಣು" ಎಂದರು. ಕಾಲಿಗೆ ಬಿದ್ದೆ. ಕೂತು ಮಾತಾಡಿದೆವು. ಸ್ವಲ್ಪ ಹೊತ್ತಿಗೆ ಅವರು ಎದ್ದು ಒಳಗೆ ಹೋಗಿ ಮತ್ತೆ ಬನ್ನಿ ತಂದು, "ಬಾರೋ ಈರಣ್ಣಾ, ಬನ್ನಿ ತಗೋ. ಬಂಗಾರದಂಗ ಇರೂಣು" ಎಂದರು. ಪ್ರೀತಿ ಹೆಚ್ಚಾಗಿರಬೇಕು ಎಂದು ನಕ್ಕು ಮತ್ತೊಮ್ಮೆ ಬಿದ್ದೆ. ಮೂರನೇ ಸಲ ಅವರು ಎಲೆ ಹಿಡಿದು ಬಂದಾಗ ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ನೀಲಮ್ಮ ಕಾಕು ನಿಂತಿದ್ದರು. ಅವರ ಮುಖ ನೋಡಿದೆ. ಮೂರನೇ ಸಲವೂ ಕಾಲಿಗೆ ಬಿದ್ದೆ, ಆದರೆ ಏಳುವಾಗ ನಗಲಾಗಲಿಲ್ಲ.

ಕಾಕು ನನ್ನನ್ನು ಗೇಟಿನ ತನಕ ಕಳಿಸಲು ಬಂದರು.

"ಹುಬ್ಬಳ್ಳಿ ಡಾಕ್ಟರಿಗೆ ತೋರಿಸೇವಿ. ಇದು ವಯಸ್ಸಿನ ಮರೆವಲ್ಲ ಅಂತ. ರೋಗ. ಇದು ಇಳಿಯೂದಿಲ್ಲ, ಏರೂದ."

"ಕಾಕಾಗ ಗೊತ್ತೈತೇನ್ರಿ?"

"ಡಾಕ್ಟರು ಹೇಳಿದಾಗ ಇವರು ಗ್ವಾಡಿ ಮ್ಯಾಲಿನ ನಕಾಶಿ ನೋಡಕೋತ ಕುಂತಿದ್ರು. ಕೇಳಿದ್ರೋ ಇಲ್ಲೋ." ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ಗುಡ್ಡಕ್ಕ ಹೋಗೂದು ಸಾಕರಿ ಅಂತ ನೀ ಒಂದ ಮಾತ ಹೇಳಪಾ. ನಾ ಹೇಳಿದ್ರ ಸಿಟ್ಟ ಮಾಡತಾರ. ಶೈಲಾ ಹೇಳಾಕ ಹೋದ್ರ ಆಕೀನ ಮೊದಲ ಅಳತಾಳ." ಶೈಲಾ ಅವರ ಮಗಳು, ಗಂಡನೊಡನೆ ಅದೇ ಮನೆಯ ಮಾಳಿಗೆಯಲ್ಲಿದ್ದಳು. "ನಿನ್ನ ಮಾತು ಕೇಳತಾರ. ಅಲ್ಲೆ ಎಲ್ಲರೆ ಕಳದ ಹೋದ್ರ ನಾ ಯಾರಿಗೆ ಕೇಳ್ಲಿ?"

"ಹೇಳ್ತೇನ್ರಿ ಕಾಕು."

"ಸಂಕ್ರಮಣದೊಳಗ ಹೇಳು."

ಹೇಳುವೆನೆಂದು ನಂಬಿಯೇ ಒಪ್ಪಿಕೊಂಡೆ. ನವೆಂಬರಿನ ರವಿವಾರ ದಾರಿಯುದ್ದಕ್ಕೂ ಅವರ ಕೈಯನ್ನೇ ನೋಡುತ್ತ ನಡೆದೆ. ನೂರು ಹೆಜ್ಜೆಗೆ ಎಡಗಿಸೆಯಿಂದ ಬೀಜ ತೆಗೆದು ಬಲಕ್ಕೆ ಹಾಕಿದರು. ಆಮೇಲೆ ಬಲದಿಂದ ತೆಗೆದು ಎಡಕ್ಕೆ ಹಾಕಿದರು. ಹೀಗೆ ಎರಡು ಕಿಸೆಗಳ ನಡುವೆ ಬೀಜಗಳು ಹೋಗಿ ಬಂದು ಮಾಡುತ್ತಲೇ ಇದ್ದವು. ಎಡಗಿಸೆ ಖಾಲಿಯಾಗಲಿಲ್ಲ, ಅವರು ನಿಲ್ಲಲಿಲ್ಲ. ಮೂರು ತಾಸು ನಮ್ಮನ್ನು ಕೂಡಿಸದೆ ನಡೆಸಿದರು. ಗೌಡರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಗಂಟಲೊಣಗಿದರೂ ಯಾರೂ ಕರೆಯಲಿಲ್ಲ. ಮುಂದಿನವರನ್ನು ಮಾತಾಡಿಸಬಾರದಲ್ಲ.

ಡಿಸೆಂಬರಿನಲ್ಲಿ ಗಟ್ಟಿ ಮನಸ್ಸು ಮಾಡಿ, ನಡಿಗೆಯ ಹಿಂದಿನ ಸಂಜೆಯೇ ಮನೆಗೆ ಹೋದೆ. ಕಾಕಾ ಮೇಜಿನ ಮೇಲೆ ದೊಡ್ಡ ಹಾಳೆ ಹಾಸಿ, ಅಳತೆಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದರು. "ಬಾ ಬಾ. ಮುಂದಿನ ವರ್ಷದ ಹನ್ನೆರಡು ಗುಡ್ಡ. ನೋಡು, ಎಲ್ಲಾ ಕೂಡಸೇನಿ." ಅಚ್ಚಿನಂಥ ಅವರ ಅಕ್ಷರ. ಜನವರಿಗೆ ಕರೆವ್ವನ ಗುಡ್ಡ ಎಂದಿತ್ತು. ಫೆಬ್ರುವರಿಗೂ ಅದೇ. ಜೂನಿಗೂ, ಆಗಸ್ಟಿಗೂ. ನಡುವೆ ಎರಡು ತಿಂಗಳ ಮುಂದೆ ಏನೂ ಇರಲಿಲ್ಲ, ಗೆರೆ ಮಾತ್ರ ಎಳೆದಿದ್ದರು.

"ಹ್ಯಾಂಗೈತಿ?" ಎಂದರು.

"ಛಲೋ ಐತ್ರಿ ಕಾಕಾ" ಎಂದೆ.

ಹೊರಗೆ ಬಾಗಿಲಲ್ಲಿ ಕಾಕು ಕಾಯುತ್ತಿದ್ದರು. ನನ್ನ ಮುಖದಲ್ಲೇ ಉತ್ತರವಿತ್ತು.

ಜನವರಿಯ ಎರಡನೇ ರವಿವಾರ ಬಂತು. ನಾಲ್ಕು ದಿನಕ್ಕೆ ಸಂಕ್ರಾಂತಿ. ಇವತ್ತು ಗುಡ್ಡದ ಮೇಲೆ, ಊಟವಾದ ಮೇಲೆ, ಹೇಳಿಯೇಬಿಡಬೇಕು ಎಂದು ಬಸ್ಸಿನಲ್ಲಿ, ಕಾಕು ಹೇಳಿದ್ದು ಮೊದಲೇ ಗೊತ್ತಿದ್ದ ಗೌಡರಿಗೂ ಅಕ್ಕೋರಿಗೂ ಪಿಸುಗುಟ್ಟಿದೆ. ಗೌಡರು, "ನೀವು ಸುರು ಮಾಡ್ರಿ, ನಾ ನಿಮ್ಮ ಹಿಂದ ಅದೇನಿ" ಎಂದರು. ಅಕ್ಕೋರು ಕಿಟಕಿಯ ಹೊರಗೆ ನೋಡುತ್ತ, "ಗೌಡರು ಹಿಂದ ಇರೂದು ಗೊತ್ತಿದ್ದದ್ದ ಐತಿ" ಎಂದರು. ಕಾಕಾ ಮುಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸಾಲೆಗೆ ಹೊರಟ ಮಗುವಿನ ಹಾಗೆ ನೆಟ್ಟಗೆ ಕೂತಿದ್ದರು.

ಕರೆವ್ವನ ಗುಡ್ಡ ಕಲಘಟಗಿ ದಾಟಿದ ಮೇಲೆ ಬರುತ್ತದೆ. ಮೂಡಣದಿಂದ ಹತ್ತಿ, ನೆತ್ತಿಯ ಮೇಲೆ ಒಂದು ತಾಸು ನಡೆದು, ಬಲಕ್ಕೆ ಇಳಿದರೆ ಒಂದು ಕೆರೆ. ಕೆರೆಯ ದಂಡೆಗೆ ಒಂದು ಹಳ್ಳಿ. ಹಳ್ಳಿಗೆ ಸಂಜೆ ನಾಲ್ಕಕ್ಕೆ ಒಂದು ಬಸ್ಸು. ಮೊದಲೂ ಮೂರು ಸಲ ಬಂದಿದ್ದೆವು. ದಾರಿ ಕಣ್ಣುಮುಚ್ಚಿ ಹೇಳುವಷ್ಟು ಸರಳ. ನೆತ್ತಿಯ ಮೇಲೆ ಎರಡು ಹೋಳಾದ ದೊಡ್ಡ ಬಂಡೆ ಇದೆ. ಅಲ್ಲಿ ದಾರಿ ಕವಲೊಡೆಯುತ್ತದೆ. ಬಲದ್ದು ನಮ್ಮದು.

ಬೆಳಗಿನ ಥಂಡಿಗೆ ಹುಲ್ಲಿನ ಮೇಲೆ ಇಬ್ಬನಿ ಕೂತಿತ್ತು. ಕಾಕಾ ತುಳಿದಲ್ಲೆಲ್ಲ ಆ ನಿಂಬೆಯ ವಾಸನೆ ಏಳುತ್ತಿತ್ತು. ಆ ದಿನ ಅವರ ನಡಿಗೆ ಎಷ್ಟು ಚೆನ್ನಾಗಿತ್ತೆಂದರೆ, ಡಾಕ್ಟರು ತಪ್ಪು ಹೇಳಿರಬಹುದು ಎಂದು ನನಗೆ ಅನ್ನಿಸಿತು. ಬೆನ್ನು ಸೆಟೆದು, ಒಂದೇ ಅಳತೆಯ ಹೆಜ್ಜೆ ಹಾಕುತ್ತಿದ್ದರು. ಹೋಳು ಬಂಡೆಯ ಹತ್ತಿರ ಬಂದರು. ಒಂದು ಗಳಿಗೆ ನಿಂತರು. ಎಡಕ್ಕೆ ಹೊರಳಿದರು.

ನಾವು ಮೂವರೂ ಬಂಡೆಯ ಹತ್ತಿರ ನಿಂತೆವು.

"ಎಡಕ್ಕ ಹೋದ್ರಲ್ರಿ" ಎಂದರು ಗೌಡರು ಮೆಲ್ಲಗೆ.

"ಹೌದು."

"ಹೇಳ್ರಿ ಮತ್ತ. ನೀವು ಮನಿ ಮಗ ಇದ್ದಂಗ."

"ನೀವು ಹಿರೇರು, ಗೌಡ್ರ."

"ಹಿರೇತನ ಅಂಗಡಿಯಾಗ. ಇಲ್ಲೆ ನಾ ಬರೇ ಹೊಟ್ಟಿ. ಅಕ್ಕೋರು ಹೇಳ್ಲಿ, ಅವರು ದಿನಾ ಮಂದಿನ್ನ ತಿದ್ದೋರು."

"ಹುಡುಗರನ್ನ ತಿದ್ದೂದು ಬ್ಯಾರೆ" ಎಂದರು ಅಕ್ಕೋರು. "ಒಮ್ಮೆ ಮುಂದ ಹೋಗಿ ತಾವ ಹೊಳ್ಳಿ ಬಂದಾರು. ಹಾದಿ ನೋಡೂಣು."

ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಅರವತ್ತೆಂಟು ವರ್ಷದ ಒಬ್ಬ ಮನುಷ್ಯ ಗೊತ್ತಿಲ್ಲದ ಕಣಿವೆಗೆ ಇಳಿಯುತ್ತಿದ್ದಾನೆ. ಕೂಗಿದರೆ ಕೇಳುವಷ್ಟು ಹತ್ತಿರವಿದ್ದಾನೆ. ಎಲ್ಲ ತಿಳಿದ ಮೂವರು ಪರಸ್ಪರ ಗೌರವ ಕೊಟ್ಟುಕೊಳ್ಳುತ್ತ ಬಂಡೆಯ ಹತ್ತಿರ ನಿಂತಿದ್ದೇವೆ. ಬೇರೆ ಊರಿನವರಾಗಿದ್ದರೆ ಒಂದು ಕೂಗು ಹಾಕುತ್ತಿದ್ದರು, ಮುಗಿಯುತ್ತಿತ್ತು. ನಾವು ಹಿರಿಯರ ಹಿಂದೆ ತೆಪ್ಪಗೆ ನಡೆಯುವುದನ್ನು ಕಲಿತವರು. ಅವರ ಹಿಂದೆಯೇ ಇಳಿದೆವು.

ಎಡದ ದಾರಿ ದಾರಿಯಾಗಿ ಬಹಳ ಹೊತ್ತು ಉಳಿಯಲಿಲ್ಲ. ಮೊದಲು ಆಡಿನ ಜಾಡಾಯಿತು, ಆಮೇಲೆ ಕವಳಿಯ ಮುಳ್ಳುಕಂಟಿಯಾಯಿತು. ಅಕ್ಕೋರ ಸೀರೆ ಮುಳ್ಳಿಗೆ ಸಿಕ್ಕು ಎರಡು ಕಡೆ ಹರಿಯಿತು. ಗೌಡರು ಒಂದು ಸಲ ಕೂತಲ್ಲಿಂದಲೇ ಜಾರಿ ಹತ್ತು ಮಾರು ಕೆಳಗೆ ಹೋಗಿ ನಿಂತು, "ಈ ಹಾದಿ ಛಲೋ ಐತಿ, ನಡೆಯೂದ ಬ್ಯಾಡ" ಎಂದರು. ಯಾರೂ ನಗಲಿಲ್ಲ. ಬಿಸಿಲೇರಿತು. ಒಣಗಿದ ಒಂದು ಹಳ್ಳ ಸಿಕ್ಕಿತು. ಅದರ ಗುಂಟ ನಡೆದೆವು. ಮತ್ತೊಂದು ಹಳ್ಳ ಸಿಕ್ಕಿತೆಂದುಕೊಂಡೆವು. ಮರಳಿನಲ್ಲಿ ನಮ್ಮವೇ ಹೆಜ್ಜೆಗಳಿದ್ದವು. ಕಾಕಾ ಆ ಹೆಜ್ಜೆಗಳನ್ನು ನೋಡಿ, "ನಮ್ಮಕಿಂತಾ ಮೊದಲ ಯಾರೋ ಹಾದು ಹೋಗ್ಯಾರ. ಅಂದ್ರ ಹಾದಿ ಖರೇ ಐತಿ" ಎಂದರು. ಅಕ್ಕೋರು ಮುಖ ತಿರುಗಿಸಿಕೊಂಡರು.

ಮಧ್ಯಾಹ್ನ ಎರಡರ ಹೊತ್ತಿಗೆ ಕಾಕಾ ಒಮ್ಮೆಲೇ ನಿಂತರು. "ಇಲ್ಲೆ" ಎಂದರು. "ಇಲ್ಲೆ ಒಂದ ಬಾಂದಕಲ್ಲ ಐತಿ. ನನ್ನ ಕೈಯಾರೆ ಹಾಕಿಸೇನಿ." ಕಂಟಿಯೊಳಗೆ ಕೈ ಹಾಕಿ ಹುಡುಕತೊಡಗಿದರು. ತೋಳು ತರಚಿ ರಕ್ತ ಬಂದರೂ ನಿಲ್ಲಲಿಲ್ಲ. ಕೊನೆಗೆ ಒಂದು ಕಲ್ಲು ಸಿಕ್ಕಿತು. ನೆಲದೊಳಗಿಂದ ಎದ್ದ ಮಾಮೂಲಿ ಕರಿಕಲ್ಲು. ಯಾರ ಉಳಿಯೂ ಅದಕ್ಕೆ ತಾಗಿರಲಿಲ್ಲ. ಕಾಕಾ ಅದರ ಮುಂದೆ ಕೂತು ಹೆಬ್ಬೆರಳಿನಿಂದ ಪಾಚಿ ಕೆರೆದರು. ಗುರುತು ಕಾಣಲಿಲ್ಲ. ಇನ್ನೊಂದು ಮಗ್ಗುಲು ಕೆರೆದರು. ಅಲ್ಲೂ ಇರಲಿಲ್ಲ. ಮತ್ತೆ ಮೊದಲಿನ ಮಗ್ಗುಲಿಗೆ ಬಂದರು.

ಗೌಡರು ಅವರ ಪಕ್ಕ ಕೂತು ತಾವೂ ಕೆರೆಯತೊಡಗಿದರು. ಅಕ್ಕೋರು ನೀರಿನ ಬಾಟಲಿಯಿಂದ ಕರ್ಚೀಫು ತೊಯಿಸಿ ಒರೆಸಿದರು. ನಾನೂ ಕೂತೆ. ಗುರುತಿಲ್ಲದ ಕಲ್ಲನ್ನು ನಾಲ್ವರೂ ತೊಳೆದೆವು. ಕುಡಿಯಲು ಉಳಿದಿದ್ದ ಅರ್ಧ ಬಾಟಲಿ ನೀರು ಅದಕ್ಕೇ ಹೋಯಿತು.

ಕಾಕಾನ ಕೈ ನಿಂತಿತು. ಸುತ್ತಲೂ ನೋಡಿದರು. ಗುಡ್ಡ, ಕಂಟಿ, ಆಕಾಶ, ನಮ್ಮ ಮೂವರ ಮುಖ. ಅವರು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಕಡೆ ಬಾಗಿ, ನನಗೊಬ್ಬನಿಗೇ ಕೇಳುವ ಹಾಗೆ ಕೇಳಿದರು.

"ಈರಣ್ಣಾ, ಇದು ಯಾವ ಗುಡ್ಡೋ?"

ಕಾಕು ಹೇಳಿದ್ದ ಮಾತಿಗೆ ಇದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ. ನಿಮಗೆ ಮರೆವು ಬಂದಿದೆ ಕಾಕಾ, ಇನ್ನು ಗುಡ್ಡ ಸಾಕು ಎನ್ನಬೇಕಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಕರೆವ್ವನ ಗುಡ್ಡಾರಿ ಕಾಕಾ. ಮ್ಯಾಲ ಹೋಳು ಬಂಡೆಗಲ್ಲಿನ ಹಂತ್ಯಾಕ ನಾ ನಿಮ್ಮನ್ನ ದಾಟಿ ಮುಂದ ಹೋಗಿ ಎಡಕ್ಕ ಹೊಳ್ಳಿದೆ. ನೀವು ಬಲಕ್ಕ ಅಂದ್ರಿ, ನಾ ಕೇಳಲಿಲ್ಲ. ನನ್ನ ತಪ್ಪು."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖಕ್ಕೆ ರಕ್ತ ಹಿಂತಿರುಗಿತು. ಎದ್ದು ನಿಂತು ಧೋತರ ಝಾಡಿಸಿದರು.

"ನಾ ಬಲಕ್ಕ ಅಂದಿದ್ದೆ?"

"ಎರಡ ಸರತಿ ಅಂದ್ರಿ" ಎಂದರು ಗೌಡರು, ತಡಮಾಡದೆ. "ಇಂವಾ ಗೂಳಿ ಹೋದಂಗ ಹೋದಾ."

"ನಾವೂ ಕೇಳೇವ್ರಿ" ಎಂದರು ಅಕ್ಕೋರು. ಸಾಲೆಯಲ್ಲಿ ಒಂದು ಸುಳ್ಳಿಗೆ ಹುಡುಗರನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದವರು.

ಕಾಕಾ ನನ್ನನ್ನು ಬೈದರು. ಮನಸಾರೆ ಬೈದರು. ಹೆಜ್ಜೆ ಎಣಿಸಲು ಬಾರದವನು ಮುಂದೆ ಹೋಗಬಾರದು, ಗುಡ್ಡ ಅಂದರೆ ನಿಮ್ಮ ಕಾಲೇಜಿನ ವರಾಂಡವಲ್ಲ, ಜೊತೆಗೆ ಹೆಣ್ಣುಮಕ್ಕಳಿದ್ದಾರೆ, ಬಸ್ಸು ತಪ್ಪಿದರೆ ಯಾರು ಹೊಣೆ. ಬೈಯುತ್ತ ಬೈಯುತ್ತ ಅವರು ಮೊದಲಿನ ಚನ್ನಬಸಪ್ಪ ಕಾಕಾ ಆಗುತ್ತಿದ್ದರು. ತಲೆ ತಗ್ಗಿಸಿ ನಿಂತಿದ್ದ ನನಗೆ ಅಷ್ಟು ಸುಖ ಯಾವ ಹೊಗಳಿಕೆಯಿಂದಲೂ ಆಗಿರಲಿಲ್ಲ.

ಆಗಲೇ ಮೇಲಿನ ಬೋರಿನಿಂದ ಆಡುಗಳ ಸಪ್ಪಳ ಬಂತು. ಹಿಂದಿನಿಂದ ಒಬ್ಬಳು ಹೆಂಗಸು, ತಲೆಗೆ ಸುತ್ತಿದ ಸೆರಗು, ಕೈಯಲ್ಲಿ ಕುಡಗೋಲು.

"ಯಜ್ಜಾ, ಎಲ್ಲಿಗೆ ಹೊಂಟೀಯೋ ಇವರನ್ನೆಲ್ಲಾ ಕಟಕೊಂಡು? ಇದು ಆಡ ಹಾಯೋ ಜಾಗ. ಹಾದಿ ತಪ್ಪೇತಿ ನಿಮಗ."

ಮುಂಜಾನೆಯಿಂದ ಮೂವರು ಕಲಿತವರಿಂದಾಗದ ಮಾತನ್ನು ಆಕೆ ನಿಂತ ಕಾಲಲ್ಲೇ ಹೇಳಿಬಿಟ್ಟಳು.

"ತಪ್ಪೇತಿ ತಂಗಿ" ಎಂದರು ಕಾಕಾ, ನನ್ನ ಕಡೆ ಬೆರಳು ಮಾಡಿ. "ಈ ಮಹಾಶಯ ತಪ್ಪಿಸ್ಯಾನ."

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಕಣ್ಣಿಗೆ ಚಸ್ಮಾ ಬ್ಯಾರೆ ಹಾಕ್ಯಾನ" ಎಂದಳು. ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ನಕ್ಕರು. ನಾನೂ ನಕ್ಕೆ.

ಆಕೆ ಬಂಡಿ ಜಾಡಿನವರೆಗೆ ನಮ್ಮನ್ನು ತಂದು ಬಿಟ್ಟಳು. ನಾಲ್ಕರ ಬಸ್ಸು ಹೋಗಿತ್ತು. ಕಬ್ಬು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನವನು ನಮ್ಮ ಅವತಾರ ನೋಡಿ ಹತ್ತಿಸಿಕೊಂಡ. ಕಬ್ಬಿನ ಹೊರೆಯ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದೆವು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಕಾಕಾ ಹಸಿವಿನಿಂದ ತಿಂದರು, ಹಾಡೊಂದನ್ನು ಗುನುಗಿದರು. ಅಕ್ಕೋರು ಹರಿದ ಸೀರೆಯನ್ನು ಮಡಿಚಿ ಸಿಕ್ಕಿಸಿಕೊಂಡು ಒಂದು ತುತ್ತೂ ತಿನ್ನದೆ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನಗೆ ಮಾತ್ರ ಕೇಳುವಂತೆ, "ನಾವು ಮಾಡಿದ್ದು ಛಲೋದೋ, ಕೆಟ್ಟದ್ದೋ?" ಎಂದರು. ನಾನು ಒಂದು ರೊಟ್ಟಿ ಮುರಿದು ಅವರ ಕೈಗಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಕೆಲಗೇರಿ ರಸ್ತೆಯ ಮನೆ ಮುಟ್ಟಿದೆವು. ಕಾಕು ಗೇಟಿನಲ್ಲೇ ಇದ್ದರು.

"ಇವತ್ತ ಇಂವ ನಮ್ಮನ್ನೆಲ್ಲಾ ಕಳದ ಬಿಡತಿದ್ದಾ" ಎಂದರು ಕಾಕಾ ಹೆಮ್ಮೆಯಿಂದ, ನನ್ನ ಹೆಗಲ ಮೇಲೆ ಕೈಯಿಟ್ಟು. "ನಾ ಇದ್ದೆ, ಪಾರಾದ್ವಿ."

ಕಾಕು ಅವರ ತೋಳಿನ ತರಚುಗಾಯ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕಾಕಾ ಒಳಗೆ ಹೋದಮೇಲೆ, "ಹೇಳಿದ್ಯಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. ಅವರು ಗೇಟಿನ ಚಿಲಕ ಹಾಕಿ ಒಳಗೆ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು.

ನಾವು ಗುಡ್ಡ ನಿಲ್ಲಿಸಿದ್ದನ್ನೂ ಕಾಕಾಗೆ ನೇರವಾಗಿ ಹೇಳಲಿಲ್ಲ. ಗೌಡರ ಮೊಣಕಾಲು, ಅಕ್ಕೋರ ಪರೀಕ್ಷೆಯ ಪೇಪರು, ಬಿಸಿಲು ಎಂದು ಒಂದೊಂದು ತಿಂಗಳು ಒಂದೊಂದು ನೆವ ತೆಗೆದೆವು. ಬೇಸಿಗೆಯ ಹೊತ್ತಿಗೆ ಕಾಕಾಗೆ ಎರಡನೇ ರವಿವಾರವೇ ಮರೆತುಹೋಯಿತು. ಗೌಡರ ಹೆಸರು ಮರೆತರು, ಅಕ್ಕೋರನ್ನು ಮರೆತರು. ಅಳೆದ ಹೊಲಗಳು, ನೆಡಿಸಿದ ಕಲ್ಲುಗಳು ಒಂದೊಂದಾಗಿ ಹೋದವು. ಉಳಿದದ್ದು ಒಂದೇ ಒಂದು. ಅದು ನಾನು ಹೇಳಿದ ಸುಳ್ಳು.

ನನ್ನನ್ನು ಕಂಡರೆ ಸಾಕು, "ಇವನಿಗೆ ಹಾದಿ ತಿಳಿಯಂಗಿಲ್ಲ. ಒಬ್ಬನ್ನ ಕಳಸಬ್ಯಾಡ್ರಿ" ಎಂದು ಮನೆಯವರಿಗೆ ಹೇಳುವರು. ನಾನು ಹೊರಡಲು ಎದ್ದರೆ ತಾವೂ ಚಪ್ಪಲಿ ಮೆಟ್ಟುವರು. "ನಡೀ, ಬಸ್ಸಿನ ತನಕಾ ಬಿಟ್ಟ ಬರ್ತೇನಿ." ನನ್ನ ಮುಂಗೈ ಹಿಡಿದು ಬಸ್ ನಿಲ್ದಾಣಕ್ಕೆ ತರುವರು. ಅಲ್ಲಿಂದ ಅವರೊಬ್ಬರೇ ಹೇಗೆ ಹೋಗಬೇಕು? ಅವರನ್ನು ನಾನು ಮನೆಗೆ ತರುವೆ. ಗೇಟು ಮುಟ್ಟಿದ ಕೂಡಲೇ ಅವರಿಗೆ ಮತ್ತೆ ನನ್ನ ಚಿಂತೆ. "ನೀ ಒಬ್ಬನ ಹೆಂಗ ಹೋಗತಿ? ನಡೀ." ಒಂದು ಸಂಜೆ ಹೀಗೆ ಐದು ಸಲ ಹೋಗಿ ಬಂದೆವು. ಎದುರು ಮನೆಯವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಆರನೇ ಸಲ ಶೈಲಾಳ ಗಂಡ ಬಂದು ಅವರ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡ.

ಆ ವರ್ಷದ ಮುಂಗಾರಿನಲ್ಲಿ ಒಂದು ರವಿವಾರ ಅವರು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಹೇಳದೆ ಎದ್ದು ಬಂದೆ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಪಕ್ಕದ ಮನೆಗೆ ಶೈಲಾಳ ಫೋನು ಬಂದಿತ್ತು. ಕಾಕಾ ಮನೆಯಲ್ಲಿಲ್ಲ.

ಮತ್ತೆ ಧಾರವಾಡಕ್ಕೆ ಓಡಿದೆ. ಜಿಟಿಜಿಟಿ ಮಳೆ. ಕೆಲಗೇರಿ ಕೆರೆಯ ಏರಿಯ ಮೇಲೆ ಅವರು ಸಿಕ್ಕರು. ಬರಿಗಾಲು, ತೊಯ್ದ ಬನಿಯನ್ನು. ದನ ಹೊಡೆದುಕೊಂಡು ಹೊರಟಿದ್ದ ಒಬ್ಬರನ್ನು ನಿಲ್ಲಿಸಿ ಕೇಳುತ್ತಿದ್ದರು.

"ನಮ್ಮ ಹುಡುಗೊಬ್ಬಾಂವ ಹಾದಿ ತಪ್ಪ್ಯಾನ್ರಿ. ಚಸ್ಮಾ ಹಾಕ್ಯಾನ. ಈ ಕಡೆ ಬಂದದ್ದ ಕಂಡ್ರೇನು?"

ನಾನು ಹೋಗಿ ಎದುರಿಗೆ ನಿಂತೆ. ನನ್ನನ್ನು ನೋಡಿದ್ದೇ ಮುಂಗೈ ಹಿಡಿದುಕೊಂಡರು. "ಎಲ್ಲಿ ಹೋಗಿದ್ದೆಲೇ? ಊರ ಮಂದಿನ್ನೆಲ್ಲಾ ಕೇಳಿದೆ" ಎಂದರು.

"ತಪ್ಪಾತ್ರಿ ಕಾಕಾ" ಎಂದೆ.

ಮನೆಗೆ ತಂದು, ಮೈ ಒರೆಸಿ ಮಲಗಿಸಿದ ಮೇಲೆ ಕಾಕು ನನ್ನನ್ನು ಪಡಸಾಲೆಯಲ್ಲಿ ಕೂಡಿಸಿದರು. ಕಾಕಾನ ತೊಯ್ದ ಅರಿವೆ ಹಿಂಡಿ ಹರವಿದರು. ಆಮೇಲೆ ಹೇಳಿದರು.

"ನೀ ಇನ್ನ ಬರಬ್ಯಾಡಪಾ ಈರಣ್ಣಾ. ನಿನ್ನ ಮ್ಯಾಲ ಸಿಟ್ಟಿಲ್ಲ. ನಿನ್ನ ಕಂಡ್ರ ಅವರಿಗೆ ಬಿಟ್ಟ ಬರೂ ಚಿಂತಿ ಹತ್ತತೈತಿ. ಕಾಣಲಿಲ್ಲಂದ್ರ ಹುಡುಕೂ ಚಿಂತಿ. ನಾ ಎಷ್ಟಂತ ಬಾಗಿಲಾ ಕಾಯ್ಲಿ?"

ಅವರೆಂದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಎದ್ದು ಕಾಲಿಗೆ ಬಿದ್ದು ಬಂದೆ.

ಆದರೆ ಸಂಜೆಯಾದರೆ ಕಾಕಾ ಕೇಳುವುದು ನಿಲ್ಲಲಿಲ್ಲವಂತೆ. ಹುಡುಗ ಮನೆ ಮುಟ್ಟಿದನೇ, ಯಾರಾದರೂ ಜೊತೆಗೆ ಹೋಗಿದ್ದಾರೆಯೇ. ಶೈಲಾ ಫೋನಿನಲ್ಲಿ ಹೇಳಿದಳು. ಅಂದಿನಿಂದ ದಿನವೂ ಸಂಜೆ ಏಳಕ್ಕೆ ನಾನು ಫೋನು ಮಾಡತೊಡಗಿದೆ. ಮೊದಲು ಕಾಲೇಜಿನ ಎದುರಿನ ಎಸ್‌ಟಿಡಿ ಬೂತಿನಿಂದ, ಮನೆಗೆ ಫೋನು ಬಂದಮೇಲೆ ಮನೆಯಿಂದ. ಕಾಕು ರಿಸೀವರನ್ನು ಅವರ ಕಿವಿಗೆ ಹಿಡಿಯುವರು.

"ಕಾಕಾ, ಮನಿ ಮುಟ್ಟೇನ್ರಿ."

"ಹಾಂ. ಛಲೋ ಆತು. ಇನ್ನ ಉಣ್ಣ ಹೋಗು."

ಇಷ್ಟೇ ಮಾತು. ಅದಾದಮೇಲೆ ಅವರು ಸಮಾಧಾನದಿಂದ ತಾವೂ ಉಣ್ಣುವರಂತೆ. ಎಲ್ಲಿಗೂ ಹೋಗದೆ ಜ್ವರ ಬಂದು ಮಲಗಿದ ದಿನವೂ ನಾನು ಮನೆ ಮುಟ್ಟಿದೆನೆಂದು ಹೇಳಿದ್ದೇನೆ. ಒಂದೂವರೆ ವರ್ಷ ಹೇಳಿದೆ. ಅವರನ್ನು ಕಣ್ಣಿಂದ ಮಾತ್ರ ನೋಡಲಿಲ್ಲ.

ಎರಡು ಸಾವಿರದ ಒಂದರ ಜನವರಿಯ ಒಂದು ಸಂಜೆ ಫೋನನ್ನು ಅವರೇ ಎತ್ತಿದರು. ಹಿಂದೆ ಎಲ್ಲೋ ಕಾಕು ಪಾತ್ರೆ ಇಡುವ ಸಪ್ಪಳ ಕೇಳುತ್ತಿತ್ತು.

"ಕಾಕಾ, ಮನಿ ಮುಟ್ಟೇನ್ರಿ" ಎಂದೆ.

ಅವರು ಗುರುತಿಲ್ಲದವರೊಡನೆ ಮಾತಾಡುವಷ್ಟೇ ಮರ್ಯಾದೆಯಿಂದ ಕೇಳಿದರು.

"ಯಾರು ಬೇಕಾಗಿತ್ರಿ?"

"ಚನ್ನಬಸಪ್ಪನವರು ಬೇಕಾಗಿತ್ರಿ" ಎಂದೆ.

"ಅವರು ಗುಡ್ಡಕ್ಕ ಹೋಗ್ಯಾರಲ್ರಿ" ಎಂದರು. "ಇನ್ನೂ ಬಂದಿಲ್ಲ."

ನಾನು ರಿಸೀವರನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಬಂದಮ್ಯಾಲ ಹೇಳ್ರಿ ಅವರಿಗೆ. ಈರಣ್ಣ ಮನಿ ಮುಟ್ಟ್ಯಾನ ಅಂತ."

"ಹೇಳ್ತೇನ್ರಿ" ಎಂದು ಅವರು ಫೋನಿಟ್ಟರು.